ಬಣ್ಣಕ್ಕೂ ಬೇಕು ಶ್ರುತಿ

ಸೀರೆ ಅಂಗಡಿಗೆ ಹೋದ ಹೆಂಗಸರು ಆರಿಸಿದ ಸೀರೆಯನ್ನು ಕೊನೆಗೊಮ್ಮೆ ಬಾಗಿಲ ಬಳಿ ಒಯ್ದು ಹಗಲು ಬೆಳಕಿನಲ್ಲಿ ನೋಡುವುದು ವಾಡಿಕೆ. ಟ್ಯೂಬ್‌ಲೈಟಿನ ಕೆಳಗೆ ಕಂಡ ಬಣ್ಣವನ್ನು ಅವರು ನಂಬುವುದಿಲ್ಲ. ಬಣ್ಣ ಬಟ್ಟೆಯೊಂದರದೇ ಗುಣವಲ್ಲ, ಬೀಳುವ ಬೆಳಕೂ ನೋಡುವ ಕಣ್ಣೂ ಅದರಲ್ಲಿ ಪಾಲುದಾರರು ಎಂಬುದು ಯಾವ ಪುಸ್ತಕವನ್ನೂ ಓದದೆ ಅವರಿಗೆ ತಿಳಿದಿದೆ. ಆದರೆ ಅದೇ ಸೀರೆ ಮದುವೆಯ ಚಿತ್ರವಾಗಿ ಕಂಪ್ಯೂಟರಿನೊಳಗೆ ಸೇರಿದಾಗ ನಾವು ಈ ಎಚ್ಚರವನ್ನು ಮರೆತುಬಿಡುತ್ತೇವೆ. ಪರದೆಯಲ್ಲಿ ಕಂಡದ್ದೇ ನಿಜವೆಂದು ತಿಳಿಯುತ್ತೇವೆ.

ಪರದೆ ಒಂದೇ ಇದ್ದಾಗ ಈ ನಂಬಿಕೆಗೆ ಧಕ್ಕೆಯಿಲ್ಲ. ಪಕ್ಕದಲ್ಲಿ ಇನ್ನೊಂದನ್ನು ಇಟ್ಟಾಗ ಸಂಶಯ ಶುರುವಾಗುತ್ತದೆ. ಒಂದರಲ್ಲಿ ಧಾರೆ ಸೀರೆ ಕುಂಕುಮದ ಕೆಂಪು, ಇನ್ನೊಂದರಲ್ಲಿ ಇಟ್ಟಿಗೆಯ ಕೆಂಪು. ಉಡುಪಿಯ ಸ್ಟುಡಿಯೋದವರು ಒಂದು ಪರದೆಯನ್ನು ನೋಡಿ ತಿದ್ದಿದ ಚಿತ್ರವನ್ನು ಆಲ್ಬಮ್ ಮುದ್ರಿಸುವವರು ಬೇರೊಂದು ಪರದೆಯಲ್ಲಿ ನೋಡಿ ಮತ್ತೆ ತಿದ್ದಿದರೆ, ಮನೆಗೆ ಬರುವುದು ಯಾವ ಕೆಂಪು? ಆಲ್ಬಮನ್ನು ಇನ್ನೊಮ್ಮೆ ಮುದ್ರಿಸಬಹುದು. ಆದರೆ ಮೊದಲು ಯಾರ ಪರದೆ ಸರಿ ಎಂಬ ಜಗಳ ತೀರಬೇಕಲ್ಲ!

ಈ ಜಗಳ ಮಣಿಪಾಲದಂಥ ಮುದ್ರಣದ ಊರಿಗೆ ಹೊಸದಲ್ಲ. 1970ರ ಜನವರಿ 1ರಂದು ‘ಉದಯವಾಣಿ’ ದಿನಪತ್ರಿಕೆ, 1983ರಲ್ಲಿ ‘ತರಂಗ’ ವಾರಪತ್ರಿಕೆ ಇಲ್ಲಿಂದಲೇ ಹೊರಟವು. ಮುದ್ರಣ ತಂತ್ರಜ್ಞಾನವನ್ನು ಇಂಜಿನಿಯರಿಂಗ್ ಪದವಿಯಾಗಿ ಕಲಿಸಿದ ಊರೂ ಇದೇ. ಫಿಲ್ಮಿನ ಕಾಲದಲ್ಲಿ ವರ್ಣಚಿತ್ರವನ್ನು ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ ಬೇರ್ಪಡಿಸಿ, ನಾಲ್ಕು ಶಾಯಿಗಳಿಗೆ ನಾಲ್ಕು ಫಿಲ್ಮ್ ಮಾಡುತ್ತಿದ್ದರು. ಬಣ್ಣದ ಬಗ್ಗೆ ಭಿನ್ನಾಭಿಪ್ರಾಯ ಬಂದರೆ ಮೇಜಿನ ಮೇಲಿನ ಪ್ರೂಫ್ ಹಾಳೆಯೇ ನ್ಯಾಯಾಧೀಶ. ಎಲ್ಲರೂ ನೋಡುತ್ತಿದ್ದುದು ಒಂದೇ ಹಾಳೆಯನ್ನು, ಒಂದೇ ದೀಪದ ಕೆಳಗೆ. ಈಗ ಒಬ್ಬೊಬ್ಬರ ಮುಂದೆ ಒಂದೊಂದು ಪರದೆ. ಎಲ್ಲರಿಗೂ ಸಮಾನವಾದ ಆ ಹಾಳೆಯ ಸ್ಥಾನವನ್ನು ಯಾವುದು ತುಂಬಬೇಕು?

ಮೊದಲು, ಪರದೆಗಳು ಭಿನ್ನವಾಗುವುದೇಕೆ ಎಂದು ನೋಡೋಣ. ಪರದೆಯ ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಕಿರುದೀಪಗಳಿವೆ ಎಂದುಕೊಳ್ಳಿ. ಸಾಮಾನ್ಯವಾಗಿ ಪ್ರತಿಯೊಂದಕ್ಕೂ 0ಯಿಂದ 255ರವರೆಗೆ 256 ಮೆಟ್ಟಿಲು. ಮೂರೂ ಸೇರಿದರೆ 1,67,77,216 ಬಣ್ಣಗಳು. ಚಿತ್ರದ ಕಡತದಲ್ಲಿರುವುದು ಈ ಅಂಕಿಗಳು ಮಾತ್ರ. ‘ಕೆಂಪು 200’ ಎಂದರೆ ಅದು ಬಣ್ಣವಲ್ಲ, ಬಣ್ಣ ಹಚ್ಚಲು ಕೊಟ್ಟ ಅಪ್ಪಣೆ. ಎರಡು ಮನೆಗಳಲ್ಲಿ ‘ಸಾರಿಗೆ ಎರಡು ಚಮಚ ಖಾರ’ ಎಂದರೆ ಚಮಚದ ಗಾತ್ರವೂ ಮೆಣಸಿನ ಜಾತಿಯೂ ಬೇರೆಯಾಗಿರುವಂತೆ, ಪ್ರತಿ ಪರದೆಯ ಹಿಂಬದಿಯ ದೀಪ, ಫಿಲ್ಟರು, ವಯಸ್ಸು ಬೇರೆ ಬೇರೆ. ಅಪ್ಪಣೆ ಒಂದೇ ಆದರೂ ಫಲ ಎರಡು.

ಕಣ್ಣಳತೆಯಲ್ಲೇ ಗುಂಡಿ ತಿರುಗಿಸಿ ಹೊಂದಿಸಬಾರದೇ? ಪ್ರಯತ್ನಿಸಿದವರಿಗೆ ಅದರ ಕಷ್ಟ ಗೊತ್ತು. ನಮ್ಮ ಕಣ್ಣು ಬಹಳ ಸಹಿಷ್ಣು. ಹಳದಿ ಬಲ್ಬಿನ ಕೋಣೆಯಲ್ಲೂ ಬಿಳಿ ಪಂಚೆ ನಮಗೆ ಬಿಳಿಯಾಗಿಯೇ ಕಾಣುತ್ತದೆ. ಬೆಳಕಿನ ಬಣ್ಣವನ್ನು ಮಿದುಳು ತಾನೇ ಕಳೆದುಬಿಡುತ್ತದೆ. ಬದುಕಿಗೆ ಇದು ವರ, ಅಳತೆಗೆ ಇದೇ ಶಾಪ. ಹೋಲಿಸುವುದರಲ್ಲಿ ಕಣ್ಣು ಚುರುಕು; ನೆನಪಿಡುವುದರಲ್ಲಿ ದುರ್ಬಲ. ನಿನ್ನೆಯ ಬಿಳಿ ಹೇಗಿತ್ತೆಂದು ಅದು ಹೇಳಲಾರದು.

ಯಕ್ಷಗಾನದ ರಂಗಸ್ಥಳದಲ್ಲಿ ಇದಕ್ಕೊಂದು ಪಾಠವಿದೆ. ಭಾಗವತರೂ ಮದ್ದಳೆಯವರೂ ‘ನಿನ್ನದು ಸರಿಯೋ ನನ್ನದು ಸರಿಯೋ’ ಎಂದು ವಾದಿಸುವುದಿಲ್ಲ. ಇಬ್ಬರೂ ಹೊರಗಿನ ಒಂದು ಶ್ರುತಿಗೆ ಬದ್ಧರು. ಪರದೆಗಳಿಗೂ ಅಂಥ ಶ್ರುತಿ ಇದೆ. 1931ರಲ್ಲಿ ಬೆಳಕಿನ ಅಂತರರಾಷ್ಟ್ರೀಯ ಆಯೋಗವಾದ ಸಿಐಇ, ಸಾಮಾನ್ಯ ಮನುಷ್ಯನ ಕಣ್ಣು ಬಣ್ಣಗಳನ್ನು ಕಾಣುವ ಬಗೆಯನ್ನು ಅಂಕಿಗಳಲ್ಲಿ ನಿರೂಪಿಸಿತು. 1993ರಲ್ಲಿ ಸ್ಥಾಪನೆಯಾದ ಐಸಿಸಿ ಎಂಬ ಒಕ್ಕೂಟ, ಪ್ರತಿ ಯಂತ್ರದ ಬಣ್ಣದ ಸ್ವಭಾವವನ್ನು ‘ಪ್ರೊಫೈಲ್’ ಎಂಬ ಕಡತದಲ್ಲಿ ಬರೆದಿಡುವ ಪದ್ಧತಿ ತಂದಿತು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಸಾಮಾನ್ಯ ಪರದೆಗಳಿಗಾಗಿ ‘ಎಸ್‌ಆರ್‌ಜಿಬಿ’ ಎಂಬ ಮಾನಕವನ್ನು ಸೂಚಿಸಿದವು.

ಈ ಶ್ರುತಿಗೆ ಪರದೆಯನ್ನು ಹೊಂದಿಸುವ ಉಪಕರಣ ಕಲರಿಮೀಟರ್. ಅಂಗೈಯಲ್ಲಿ ಹಿಡಿಸುವ ಇದನ್ನು ಪರದೆಯ ಮೇಲೆ ತೂಗುಬಿಟ್ಟರೆ, ತಂತ್ರಾಂಶ ಒಂದಾದ ಮೇಲೊಂದು ಬಣ್ಣ ತೋರಿಸುತ್ತ ಹೋಗುತ್ತದೆ. ಮಾಪಕ ಅಳೆಯುತ್ತದೆ. ಕೇಳಿದ್ದಕ್ಕೂ ಕೊಟ್ಟದ್ದಕ್ಕೂ ಇರುವ ಅಂತರವನ್ನು ಲೆಕ್ಕಹಾಕಿ ತಿದ್ದುಪಡಿಯನ್ನೂ ಪ್ರೊಫೈಲನ್ನೂ ಸಿದ್ಧಪಡಿಸುತ್ತದೆ. ಬಿಳಿಗೆ 6500 ಕೆಲ್ವಿನ್, ನಡುಛಾಯೆಗಳ ಏರಿಳಿತಕ್ಕೆ ಗಾಮಾ 2.2, ಪ್ರಕಾಶಕ್ಕೆ ಚದರ ಮೀಟರಿಗೆ ಸುಮಾರು 120 ಕ್ಯಾಂಡೆಲಾ — ಇವು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿಗಳು.

ಎರಡು ಪರದೆಗಳ ವಿಷಯಕ್ಕೆ ಬಂದರೆ ಮುಖ್ಯ ನಿಯಮ ಒಂದೇ: ಹಿಂದೆ ಬಿದ್ದವನ ಹೆಜ್ಜೆಗೆ ಮುಂದಿನವನು ಹೊಂದಿಕೊಳ್ಳಬೇಕು. ಹಳೆಯ ಪರದೆ 100 ಕ್ಯಾಂಡೆಲಾಕ್ಕಿಂತ ಹೆಚ್ಚು ಬೆಳಗದಿದ್ದರೆ ಹೊಸದನ್ನೂ 100ಕ್ಕೆ ಇಳಿಸಬೇಕು. ಹೊಸದು ಹೆಚ್ಚು ಗಾಢವಾದ ಬಣ್ಣಗಳನ್ನು ತೋರಿಸಬಲ್ಲದಾದರೆ ಅದನ್ನು ಎಸ್‌ಆರ್‌ಜಿಬಿ ಮಿತಿಗೆ ಕಟ್ಟಬೇಕು. ಎರಡನ್ನೂ ಅರ್ಧ ಗಂಟೆ ಉರಿಯಬಿಟ್ಟು, ಒಂದೇ ಮಾಪಕದಿಂದ, ಒಂದೇ ಗುರಿಗೆ ಅಳೆಯಬೇಕು. ಕೋಣೆಯ ಬೆಳಕಿಗೆ ತಕ್ಕಂತೆ ತಾನಾಗಿ ಪ್ರಕಾಶ ಬದಲಿಸುವ, ರಾತ್ರಿಯಾದರೆ ಪರದೆಯನ್ನು ಹಳದಿಯಾಗಿಸುವ ಸೌಲಭ್ಯಗಳನ್ನು ಆರಿಸಿಡಬೇಕು.

ಅಂಕಿಗಳು ಸರಿಹೊಂದಿದ ಮೇಲೂ ಕಣ್ಣಿಗೆ ಒಂದಿಷ್ಟು ವ್ಯತ್ಯಾಸ ಉಳಿಯುವುದುಂಟು. ಎರಡು ಪರದೆಗಳ ಹಿಂಬದಿಯ ದೀಪ ಬೇರೆ ಜಾತಿಯದಾದರೆ, ಮಾಪಕಕ್ಕೆ ಒಂದೇ ಎನಿಸಿದ ಬಿಳಿಯನ್ನು ಕಣ್ಣು ಬೇರೆಯೆನ್ನಬಹುದು. ಆಗ ಕೊನೆಯ ತೀರ್ಪನ್ನು ಕಣ್ಣಿಗೇ ಬಿಟ್ಟು, ಒಂದರ ಬಿಳಿಯನ್ನು ಕೊಂಚ ತಿದ್ದುವುದುಂಟು. ಇದನ್ನು ಪರೀಕ್ಷಿಸಲು ನಮ್ಮ ಜಿಲ್ಲೆಯ ಮೂರು ಚಿತ್ರಗಳು ಸಾಕು. ಕಾಪು ಬಳಿಯ ಶಂಕರಪುರದ ಮಲ್ಲಿಗೆಯ ಚೆಂಡು ಬಿಳಿಯ ಪರೀಕ್ಷೆ: ಒಂದರಲ್ಲಿ ನೀಲಿಗೆ, ಇನ್ನೊಂದರಲ್ಲಿ ಹಳದಿಗೆ ವಾಲಬಾರದು. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭದ ಕಪ್ಪು ಪಟ್ಟಿಗಳು ನೆರಳಿನ ಪರೀಕ್ಷೆ: ಕಪ್ಪಿನೊಳಗಿನ ಸೂಕ್ಷ್ಮಗಳು ಎರಡರಲ್ಲೂ ಒಂದೇ ಪ್ರಮಾಣದಲ್ಲಿ ಕಾಣಬೇಕು. 1432ರಲ್ಲಿ ಪ್ರತಿಷ್ಠೆಯಾದ, 42 ಅಡಿ ಎತ್ತರದ ಕಾರ್ಕಳದ ಗೊಮ್ಮಟ ಬೂದುಬಣ್ಣದ ಪರೀಕ್ಷೆ: ಕಲ್ಲಿನ ಛಾಯೆ ಒಂದರಲ್ಲಿ ಹಸಿರಾಗಿ, ಇನ್ನೊಂದರಲ್ಲಿ ಕೆಂಪಾಗಿ ಕಂಡರೆ ಶ್ರುತಿ ಇನ್ನೂ ಕೂಡಿಲ್ಲವೆಂದೇ ಅರ್ಥ.

ಹೊಂದಿಸುವುದು ಒಂದು ದಿನದ ಕೆಲಸ. ಹಾಗೇ ಉಳಿಸಿಕೊಳ್ಳುವುದು ವರ್ಷವಿಡೀ ಕೆಲಸ. ಒಂದು ಆಟಕ್ಕೆ ಶ್ರುತಿಮಾಡಿದ ಮದ್ದಳೆ ಮುಂದಿನ ಆಟಕ್ಕೆ ಹಾಗೆಯೇ ಇರುತ್ತದೆಯೇ? ಪರದೆಯ ದೀಪವೂ ದಿನಕಳೆದಂತೆ ಮಂಕಾಗುತ್ತದೆ, ಅದರ ಬಿಳಿ ಸರಿಯುತ್ತದೆ. ಎರಡು ಪರದೆಗಳು ಒಂದೇ ವೇಗದಲ್ಲಿ ಮುಪ್ಪಾಗುವುದೂ ಇಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಮತ್ತೆ ಅಳೆದು ತಾರೀಕು ಬರೆದಿಡುವುದು ಲೇಸು. ಕರಾವಳಿಯವರಿಗೆ ಇನ್ನೂ ಎರಡು ಎಚ್ಚರ ಬೇಕು. ಹಳೆಯ ಬಗೆಯ ಕೆಲವು ಮಾಪಕಗಳೊಳಗಿನ ಫಿಲ್ಟರು ತೇವಕ್ಕೆ ಕೆಡುತ್ತದೆ. ಮಳೆಗಾಲದಲ್ಲಿ ಅದನ್ನು ತೇವ ಹೀರುವ ಸಿಲಿಕಾ ಪುಡಿಕೆಯೊಡನೆ ಡಬ್ಬಿಯಲ್ಲಿಡಬೇಕು. ಎರಡನೆಯದು ಕಿಟಕಿ. ಮೇ ತಿಂಗಳ ಬಿಸಿಲಿಗೂ ಆಷಾಢದ ಮೋಡಕ್ಕೂ ಕೋಣೆಯ ಬೆಳಕು ಅಜಗಜಾಂತರ. ಪರದೆ ಬದಲಾಗದಿದ್ದರೂ ಕಣ್ಣು ಬದಲಾಗಿರುತ್ತದೆ. ಪರದೆಗಳಿಗೆ ಕಿಟಕಿಯ ಬೆಳಕು ನೇರವಾಗಿ ತಾಗದಂತೆ ಇಡಬೇಕು.

ಇಷ್ಟೆಲ್ಲ ಮಾಡಿದರೂ ಪರದೆಯ ಬೆಳಕಿನಲ್ಲಿ ಮೂಡುವ ಎಲ್ಲ ಬಣ್ಣ ಕಾಗದದ ಶಾಯಿಗೆ ಒಲಿಯದು. ರೇಷ್ಮೆಯ ಹೊಳಪು ಆಲ್ಬಮಿನಲ್ಲಿ ಸ್ವಲ್ಪ ಕುಗ್ಗಿಯೇ ತೀರುತ್ತದೆ. ಆದರೆ ಎಷ್ಟು ಕುಗ್ಗುತ್ತದೆ ಎಂಬುದನ್ನು ಉಡುಪಿಯವರೂ ಮಣಿಪಾಲದವರೂ ಮುಂಚೆಯೇ ಒಂದೇ ರೀತಿ ಕಾಣಬಲ್ಲರು. ಮಾತು ಮದುವೆಯ ಚಿತ್ರಕ್ಕೆ ಮುಗಿಯುವುದೂ ಇಲ್ಲ. ಈಗ ಎಕ್ಸ್‌ರೇಗಳನ್ನು ವೈದ್ಯರು ಓದುವುದು ಪರದೆಯ ಮೇಲೆಯೇ. ಶ್ವಾಸಕೋಶದ ಒಂದು ಮಸುಕು ನೆರಳು ಒಂದು ಪರದೆಯಲ್ಲಿ ಕಂಡು ಇನ್ನೊಂದರಲ್ಲಿ ಮರೆಯಾಗಬಾರದೆಂದೇ ವೈದ್ಯಕೀಯ ಚಿತ್ರಗಳ ‘ಡೈಕಾಮ್’ ಮಾನಕದಲ್ಲಿ ಬೂದುಛಾಯೆಗಳಿಗೆ ಪ್ರತ್ಯೇಕ ನಿಯಮವಿದೆ. ಅಲ್ಲಿ ಶ್ರುತಿ ತಪ್ಪಿದರೆ ಕೆಡುವುದು ಸೀರೆಯ ಬಣ್ಣವಲ್ಲ, ರೋಗಿಯ ಆರೋಗ್ಯ.