ಬಚ್ಚಲಿನ ಹಿಡಿಗೆ ಗೋಡೆಯೇ ಬಲ

ಹನಗೋಡು, ಹುಣಸೂರು ಕಡೆಯ ಮನೆಗಳಲ್ಲಿ ಮಲಗಿ ಸ್ನಾನ ಮಾಡುವ ತೊಟ್ಟಿ ಕಾಣುವುದು ಅಪರೂಪ. ಹಂಡೆಯಲ್ಲಿ ನೀರು ಕಾಯುತ್ತದೆ. ವಯಸ್ಸಾದವರು ತಗ್ಗಿನ ಮಣೆಯ ಮೇಲೋ ಪ್ಲಾಸ್ಟಿಕ್ ಸ್ಟೂಲಿನ ಮೇಲೋ ಕೂತು ಚೊಂಬಿನಲ್ಲಿ ಹುಯ್ದುಕೊಳ್ಳುತ್ತಾರೆ. ಕೂತಿರುವಷ್ಟು ಹೊತ್ತು ಭಯವಿಲ್ಲ, ಕಷ್ಟವೆಲ್ಲ ಏಳುವಾಗ. ಆಗ ಕೈ ತಾನಾಗಿ ಏನನ್ನಾದರೂ ತಡಕುತ್ತದೆ: ನಲ್ಲಿ, ಟವೆಲ್ ಹಾಕುವ ಕಂಬಿ, ಹಂಡೆಯ ಅಂಚು. ಇವುಗಳಲ್ಲಿ ಒಂದೂ ಮನುಷ್ಯನ ಭಾರ ಹೊರಲು ಮಾಡಿದ್ದಲ್ಲ.

ಬಿಸಿನೀರು ಬಿದ್ದಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಕೂತವರು ತಟ್ಟನೆ ಎದ್ದರೆ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ಎಳೆಯರ ದೇಹ ನಾಳಗಳನ್ನು ಕೂಡಲೇ ಬಿಗಿದುಕೊಂಡು ಮಿದುಳಿಗೆ ರಕ್ತ ತಲುಪಿಸುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ಬಿ.ಪಿ. ಮಾತ್ರೆ ನುಂಗುವವರಲ್ಲಿ, ಈ ಕೆಲಸ ನಿಧಾನ. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಬಿ.ಪಿ. 20 ಅಂಕ ಇಳಿದರೆ ವೈದ್ಯರು ಅದನ್ನು ತೊಂದರೆ ಎಂದೇ ಪರಿಗಣಿಸುತ್ತಾರೆ. ಕಣ್ಣು ಕತ್ತಲಿಟ್ಟ ಆ ಗಳಿಗೆಯಲ್ಲೇ ಪಾದದಡಿ ಸೋಪಿನ ನೀರಿರುತ್ತದೆ. ದೀಪಾವಳಿಯ ಎಣ್ಣೆಸ್ನಾನದ ದಿನವಂತೂ ಇನ್ನೂ ಜೋಪಾನ ಬೇಕು: ಎಣ್ಣೆ ನೀರಿನೊಡನೆ ಬೆರೆಯದ್ದರಿಂದ ಎಷ್ಟು ಚೊಂಬು ನೀರು ಸುರಿದರೂ ನುಣುಪು ಟೈಲ್ಸ್ ಮೇಲೆ ತೆಳ್ಳಗೆ ಉಳಿದೇ ಇರುತ್ತದೆ.

ಬೀಳುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹೆಚ್ಚಿನವರು ಅರವತ್ತು ದಾಟಿದವರು. ಹನಗೋಡಿನ ಅಜ್ಜಿಗೆ ಸೊಂಟದ ಮೂಳೆ ಮುರಿದರೆ ಮೊದಲು ಹುಣಸೂರು, ಅಲ್ಲಿಂದ ಮೈಸೂರಿಗೆ ಮತ್ತೆ ಸುಮಾರು 45 ಕಿ.ಮೀ. ಆ ನೋವಿನಲ್ಲಿ ಅಷ್ಟು ದೂರ ಹೋಗುವ ಪಾಡು ಯಾರಿಗೂ ಬೇಡ. ಬಚ್ಚಲಿಗೆ ಒಂದು ಹಿಡಿ ಹಾಕಿಸಿ ಎಂದು ನಾನು ಕಂಡವರಿಗೆಲ್ಲ ಹೇಳುವುದು ಅದಕ್ಕೇ.

ಹಾರ್ಡ್‌ವೇರ್ ಅಂಗಡಿಗೆ ಹೋದವರು ಹಿಡಿಯ ಹೊಳಪು ನೋಡುತ್ತಾರೆ, ಅದನ್ನು ಹೊರಬೇಕಾದ ಗೋಡೆಯನ್ನು ಯೋಚಿಸುವುದಿಲ್ಲ. ಅಡ್ಡಲಾಗಿ ಹಾಕಿದ ಹಿಡಿ ಗೋಡೆಯಿಂದ ಎರಡು ಇಂಚು ಮುಂದಿರುತ್ತದೆ ಎಂದುಕೊಳ್ಳಿ. ಅದರ ಮೇಲೆ ಭಾರ ಬಿಟ್ಟರೆ ಬುಡದ ತಟ್ಟೆ ತನ್ನ ಕೆಳ ಅಂಚಿನ ಮೇಲೆ ಮಗುಚಲು ನೋಡುತ್ತದೆ. ತಟ್ಟೆಯ ಅಗಲವೂ ಎರಡು ಮೂರು ಇಂಚಿನದೇ. ಹಾಗಾಗಿ ಕೆಳಕ್ಕೆ ಬಿದ್ದ ಭಾರದಷ್ಟೇ ಬಲ, ಹೆಚ್ಚುಕಡಿಮೆ, ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆಳೆಯುತ್ತದೆ. ಸ್ಟೀಲು ಮುರಿಯುವುದಿಲ್ಲ, ಸ್ಕ್ರೂ ಕಿತ್ತು ಬರುತ್ತದೆ.

ಸ್ಕ್ರೂವನ್ನು ಹಿಡಿದಿಡುವುದು ಪ್ಲಗ್. ಈಗ ನಾವು ಬಳಸುವ ನೈಲಾನ್ ಪ್ಲಗ್ ಜರ್ಮನಿಯ ಆರ್ಟುರ್ ಫಿಶರ್ 1958ರಲ್ಲಿ ರೂಪಿಸಿದ್ದು. ಸ್ಕ್ರೂ ಒಳಹೋದಂತೆ ಪ್ಲಗ್ ಹಿಗ್ಗಿ ತೂತಿನ ಒಳಮೈಯನ್ನು ಒತ್ತುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಹಿಡಿತ. ಒತ್ತಿಸಿಕೊಳ್ಳುವ ಗೋಡೆ ಗಟ್ಟಿ ಇಲ್ಲದಿದ್ದರೆ ಘರ್ಷಣೆಯೂ ಇಲ್ಲ.

ಡ್ರಿಲ್ ಹಾಕುವಾಗ ಉದುರುವ ಪುಡಿ ಗೋಡೆಯ ಗುಟ್ಟು ಹೇಳುತ್ತದೆ. ಟೈಲ್ಸ್ ಮತ್ತು ಗಾರೆ ದಾಟಿದ ಮೇಲೆ ಒಣ ಕೆಂಪು ಪುಡಿ ಒಂದೇ ಸಮನೆ ಬಂದರೆ ಸುಟ್ಟ ಇಟ್ಟಿಗೆ. ಪ್ಲಗ್ ಪೂರ್ತಿಯಾಗಿ ಆ ಇಟ್ಟಿಗೆಯೊಳಗೆ ಕೂರುವಷ್ಟು ಉದ್ದದ ಸ್ಕ್ರೂ ಸಾಕು. ಬೂದು ಪುಡಿ ಬಂದು ಒಂದು ಇಂಚು, ಒಂದೂವರೆ ಇಂಚಿಗೆ ಬಿಟ್ ಸರ್ರನೆ ಒಳಗೆ ಜಾರಿದರೆ ಟೊಳ್ಳು ಸಿಮೆಂಟ್ ಬ್ಲಾಕು. ಅಲ್ಲಿ ಸಾಮಾನ್ಯ ಪ್ಲಗ್ಗಿಗೆ ಒತ್ತಲು ಏನೂ ಇಲ್ಲ. ಗೋಡೆಯ ಆಚೆಗೂ ಬೋಲ್ಟ್ ಹಾಯಿಸಿ, ಹಿಂಬದಿ ಅಗಲದ ಕಬ್ಬಿಣದ ಪಟ್ಟಿ ಕೊಟ್ಟು ನಟ್ ಬಿಗಿಯಬೇಕು. ಮೆತ್ತನೆ ಮಣ್ಣೇ ಉದುರಿದರೆ ಡ್ರಿಲ್ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಹಳೆಯ ಹೆಂಚಿನ ಮನೆಗಳ ಮಣ್ಣಿನ ಗೋಡೆ ದುರ್ಬಲವೇನಲ್ಲ. ಮೇಲಿನಿಂದ ಒತ್ತಿದರೆ ತಲೆಮಾರುಗಟ್ಟಲೆ ತಾಳುತ್ತದೆ, ಎಳೆದರೆ ಮಾತ್ರ ಉದುರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ರೈತರಿಗೆ ಇದು ಕೈಯಾರೆ ಗೊತ್ತಿರುವ ವಿಷಯ. ಸೊಪ್ಪು ಒಣಗಿಸುವ ಬ್ಯಾರನ್ನಿನೊಳಗೆ ಸೊಪ್ಪಿನ ಕಡ್ಡಿಗಳ ಅಷ್ಟೂ ಭಾರ ಗೋಡೆಯಿಂದ ಗೋಡೆಗೆ ಹಾಯಿಸಿದ ಮರಗಳ ಮೇಲೆ ಕೂತಿರುತ್ತದೆ. ಮರದ ತುದಿಗಳು ಗೋಡೆಯನ್ನು ಕೆಳಕ್ಕೆ ಒತ್ತುತ್ತವೆಯೇ ಹೊರತು ಎಳೆಯುವುದಿಲ್ಲ. ಇಕ್ಕಟ್ಟಾದ ಬಚ್ಚಲಿಗೂ ಇದೇ ಉಪಾಯ ಒಪ್ಪುತ್ತದೆ: ದಪ್ಪ ಜಿ.ಐ. ಪೈಪಿನ ಎರಡೂ ತುದಿಯನ್ನು ಎದುರುಬದುರು ಗೋಡೆಗಳೊಳಗೆ ಕಾಂಕ್ರೀಟಿನಲ್ಲಿ ಕೂರಿಸುವುದು. ಅಗಲ ಹೆಚ್ಚಿದ್ದರೆ ನೆಲದಲ್ಲಿ ಗುಂಡಿ ತೋಡಿ ಪೈಪನ್ನು ಕಂಬದಂತೆ ನಿಲ್ಲಿಸಬಹುದು. ಎರಡಕ್ಕೂ ಕನಿಷ್ಠ ಒಂದು ವಾರ ನೀರುಣಿಸಿ, ಆಮೇಲೆ ಮುಟ್ಟಬೇಕು. ಹಂಡೆ ಒಲೆಯ ಪಕ್ಕದ ಗೋಡೆ ಬೇಡವೇ ಬೇಡ. ಕಾದ ಲೋಹವನ್ನು ಕೈ ತಟ್ಟನೆ ಬಿಟ್ಟುಬಿಡುತ್ತದೆ.

ತೂತು ಕೊರೆಯದೆ ಗಾಳಿ ಒತ್ತಿ ಅಂಟಿಸುವ ರಬ್ಬರ್ ಬಟ್ಟಲಿನ ಹಿಡಿಯೂ ಸಿಗುತ್ತದೆ. ಹುಣಸೂರು ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಒತ್ತುವುದು ಸುಮಾರು 900 ಗ್ರಾಂ. ಹತ್ತು ಸೆಂಟಿಮೀಟರ್ ಅಗಲದ ಬಟ್ಟಲಿಗೆ ಅದು 70 ಕೆ.ಜಿ.ಯಷ್ಟಾಯಿತು, ಒಳಗೆ ಗಾಳಿ ಒಂದಿಷ್ಟೂ ಇಲ್ಲದಿದ್ದರೆ. ಟೈಲ್ಸ್ ಸಂದಿನಿಂದ, ಸೋಪಿನ ಪದರದಿಂದ ಗಾಳಿ ನುಸುಳುತ್ತಲೇ ಇರುತ್ತದೆ. ಬೆಳಿಗ್ಗೆ ಗಟ್ಟಿಯಾಗಿದ್ದದ್ದು ಸಂಜೆ ಮುನ್ಸೂಚನೆ ಕೊಡದೆ ಕಳಚುತ್ತದೆ. ವಯಸ್ಸಾದವರ ಭಾರಕ್ಕೆ ಅದನ್ನು ನಂಬಬಾರದು.

ಹಿಡಿಯ ಎತ್ತರಕ್ಕೆ ಅಮೆರಿಕದ ನಿಯಮ ನೆಲದಿಂದ 33ರಿಂದ 36 ಇಂಚು ಎನ್ನುತ್ತದೆ. ಮಣೆಯಿಂದ ಏಳುವ ನಮ್ಮ ಅವ್ವಂದಿರಿಗೆ ಆ ಲೆಕ್ಕ ಹೊಂದುವುದಿಲ್ಲ. ಒಣ ನೆಲದಲ್ಲಿ ಅವರನ್ನೇ ಮಣೆಯ ಮೇಲೆ ಕೂರಿಸಿ, ಏಳಲು ಕೈ ಎಲ್ಲಿಗೆ ಚಾಚುತ್ತಾರೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗೋಡೆಗೂ ಹಿಡಿಗೂ ನಡುವೆ ಒಂದೂವರೆ ಇಂಚು ಸಂದು ಸಾಕು. ಹೆಚ್ಚಾದರೆ ಜಾರಿದ ತೋಳು ಸಿಕ್ಕಿಕೊಳ್ಳುತ್ತದೆ. ಸ್ಟೇನ್‌ಲೆಸ್ ಹಿಡಿಗೆ ಸ್ಕ್ರೂಗಳೂ ಸ್ಟೇನ್‌ಲೆಸ್ಸೇ ಇರಲಿ: ಎರಡು ಲೋಹ ಒದ್ದೆಯಲ್ಲಿ ತಗುಲಿಕೊಂಡಿದ್ದರೆ ಸಾದಾ ಕಬ್ಬಿಣದ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ, ಅದೂ ಕಣ್ಣಿಗೆ ಕಾಣದ ಗೋಡೆಯೊಳಗೆ.

ಬಿಗಿದಾದ ಮೇಲೆ ಮನೆಯಲ್ಲಿ ಹೆಚ್ಚು ತೂಕದ ಗಟ್ಟಿ ಆಳು ಮೊದಲು ಜಗ್ಗಿ ನೋಡಲಿ. ಮುಂದೆ ಎಂದಾದರೂ ಬುಡದ ತಟ್ಟೆ ಅಲುಗಿದರೆ ಅಥವಾ ಸುತ್ತ ಬಿರುಕು ಬಿಟ್ಟರೆ ಬಳಸುವುದನ್ನು ಅಂದೇ ನಿಲ್ಲಿಸಿ, ಗಟ್ಟಿ ಜಾಗ ನೋಡಿ ಹೊಸ ತೂತು ಕೊರೆಸಬೇಕು. ಹಳೆಯ ತೂತಿಗೇ ದಪ್ಪ ಪ್ಲಗ್ ತುರುಕಿದರೆ, ಆಗಲೇ ಪುಡಿಯಾಗಿರುವ ಇಟ್ಟಿಗೆಯೇ ಅದಕ್ಕೂ ಆಧಾರವಾಗಬೇಕಾಗುತ್ತದೆ.