‘ಡಬಲ್ ಬೋನ್’ ಮರಿಯ ಮೂಳೆ ಎಣಿಸಿದರೆ

ನಾಯಿಮರಿ ಮಾರುವವರ ಬಾಯಲ್ಲಿ ಕೆಲವು ಮಾತುಗಳು ಸದಾ ಸಿದ್ಧವಾಗಿರುತ್ತವೆ. ‘ಪ್ಯೂರ್ ಬ್ರೀಡ್ ಸಾರ್, ಡಬಲ್ ಬೋನ್, ಪಂಚ್ ಫೇಸ್, ಚಾಂಪಿಯನ್ ಲೈನ್, ಪೇಪರ್ ಇದೆ.’ ಒಂದೊಂದು ಮಾತಿಗೂ ಬೆಲೆ ಒಂದಿಷ್ಟು ಏರುತ್ತದೆ. ಕೊಳ್ಳಲು ಬಂದವರು ತಲೆಯಾಡಿಸುತ್ತಾರೆ, ಡಬಲ್ ಬೋನ್ ಎಂದರೇನು ಎಂದು ಕೇಳಲು ಸಂಕೋಚ. ಈ ಮಾತುಗಳಲ್ಲಿ ಕೆಲವಕ್ಕೆ ಖಚಿತವಾದ ವೈಜ್ಞಾನಿಕ ಅರ್ಥವಿದೆ, ಕೆಲವಕ್ಕೆ ಯಾವ ಅರ್ಥವೂ ಇಲ್ಲ, ಇನ್ನು ಕೆಲವು ನಾಯಿಯ ಕಾಯಿಲೆಯನ್ನೇ ಅದರ ಅಂದವೆಂದು ಹೊಗಳುತ್ತವೆ. ನಮ್ಮದೇ ಮುಧೋಳ ನಾಯಿಯನ್ನು ಎದುರಿಗಿಟ್ಟುಕೊಂಡು ಇವನ್ನೆಲ್ಲ ಒಮ್ಮೆ ಜಾಲಿಸಿ ನೋಡಬಹುದು.

ಪೇಪರ್ ಹೇಳುವುದೆಷ್ಟು?

ನಾಯಿ ತೋಳದ ವಂಶದ್ದು. ಮನುಷ್ಯನ ಜೊತೆ ಬಾಳಲು ತೊಡಗಿ ಕನಿಷ್ಠ 15,000 ವರ್ಷಗಳಾಗಿವೆ. ಆದರೆ ಇಂದು ನಾವು ಹೆಸರು ಹಿಡಿದು ಕರೆಯುವ ತಳಿಗಳಲ್ಲಿ ಹೆಚ್ಚಿನವು ಈಗಿನ ರೂಪಕ್ಕೆ ಬಂದದ್ದು ಕಳೆದ 150–200 ವರ್ಷಗಳಲ್ಲಿ. 1873ರಲ್ಲಿ ಇಂಗ್ಲೆಂಡಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು. ತಳಿಗಳ ವಂಶಾವಳಿ ದಾಖಲಿಸುವ ಪುಸ್ತಕ ಬಂತು. ಎತ್ತರ, ಬಣ್ಣ, ಕಿವಿ, ಬಾಲ ಹೇಗಿರಬೇಕೆಂದು ವಿವರಿಸುವ ‘ಬ್ರೀಡ್ ಸ್ಟ್ಯಾಂಡರ್ಡ್’ ಬಂತು. ಪುಸ್ತಕದಲ್ಲಿ ಹೆಸರಿರುವ ನಾಯಿಗಳ ನಡುವೆ ಮಾತ್ರ ಮೇಟಿಂಗ್, ಹೊರಗಿನವಕ್ಕೆ ಪ್ರವೇಶವಿಲ್ಲ. ‘ಪ್ಯೂರ್ ಬ್ರೀಡ್’ ಎಂಬ ಮಾತಿನ ಹಿಂದೆ ಇರುವುದು ಇಷ್ಟೇ: ಬಾಗಿಲು ಮುಚ್ಚಿಕೊಂಡ ಒಂದು ಕುಲ. ಮರಿಯ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಯಾರೆಂದು ಪೇಪರ್ ಹೇಳುತ್ತದೆ. ಅವುಗಳ ಸೊಂಟ, ಕಣ್ಣು, ಹೃದಯ ಹೇಗಿದ್ದವು ಎಂಬುದಕ್ಕೆ ಬೇರೆಯೇ ದಾಖಲೆ ಬೇಕು.

ಮುಧೋಳ ನಾಯಿಯ ಕಥೆಯೂ ಆಯ್ಕೆಯ ಕಥೆಯೇ. ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿರುವ ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆ, ಬೇಟೆಗಾರರ ಬಳಿಯಿದ್ದ ತೆಳುಮೈಯ ಓಟದ ನಾಯಿಗಳನ್ನು ಆರಿಸಿ ಬೆಳೆಸಿದರು. 20ನೇ ಶತಮಾನದ ಆರಂಭದಲ್ಲಿ ಒಂದು ಜೋಡಿಯನ್ನು ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಉಡುಗೊರೆಯಾಗಿ ಕೊಟ್ಟರು. ಮುಧೋಳದ ಹೆಸರು ಅಂಟಿದ್ದು ಆಗ. ಇವತ್ತು ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ‘ಕ್ಯಾರವಾನ್ ಹೌಂಡ್’ ಎಂದು ದಾಖಲಿಸುತ್ತದೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ‘ಮುಧೋಳ ಹೌಂಡ್’ ಎನ್ನುತ್ತದೆ. ನಾಯಿ ಒಂದೇ, ಪುಸ್ತಕ ಎರಡು.

ಮುಚ್ಚಿದ ಕುಲದ ಕಷ್ಟವೇನು? ನಮ್ಮಲ್ಲಿ ಗರ್ಭಿಣಿ ಆಸ್ಪತ್ರೆಗೆ ಹೋದರೆ ವೈದ್ಯರು ‘ಸಂಬಂಧದಲ್ಲಿ ಮದುವೆಯಾ?’ ಎಂದು ಕೇಳುವುದುಂಟು. ಆ ಪ್ರಶ್ನೆಯ ಹಿಂದೆ ಒಂದು ಲೆಕ್ಕವಿದೆ. ಪ್ರತಿ ಜೀನ್ ಎರಡು ಪ್ರತಿಗಳಲ್ಲಿರುತ್ತದೆ. ಒಂದು ತಂದೆಯದು, ಒಂದು ತಾಯಿಯದು. ಎರಡೂ ಪ್ರತಿಗಳು ಹಿಂದಿನ ಒಬ್ಬರೇ ಪೂರ್ವಜರಿಂದ ಬಂದಿರುವ ಸಾಧ್ಯತೆಗೆ ಅಂತಃಸಂಕರಣ ಗುಣಾಂಕ ಎನ್ನುತ್ತಾರೆ. ಸೋದರಮಾವನ ಮಗನನ್ನು ಮದುವೆಯಾದವಳ ಮಗುವಿನಲ್ಲಿ ಇದು ಶೇ 6.25, ಸೋದರಮಾವನನ್ನೇ ಮದುವೆಯಾದರೆ ಶೇ 12.5. ಒಡಹುಟ್ಟಿದ ನಾಯಿಗಳನ್ನು ಕೂಡಿಸಿದರೆ ಹುಟ್ಟುವ ಮರಿಗಳಲ್ಲಿ ಶೇ 25. ಅಡಗಿ ಕುಳಿತ ದೋಷ ಎರಡೂ ಕಡೆಯಿಂದ ಬಂದು ಸೇರಿದಾಗ ರೋಗವಾಗಿ ಹೊರಬೀಳುತ್ತದೆ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು 227 ತಳಿಗಳ ಡಿಎನ್‌ಎ ಪರೀಕ್ಷಿಸಿತು. ಸರಾಸರಿ ಗುಣಾಂಕ ಶೇ 25ರ ಆಸುಪಾಸಿನಲ್ಲಿತ್ತು. ಬೇರೆ ಬೇರೆ ಮನೆಗಳಿಂದ ತಂದು ಕೂಡಿಸಿದ ನಾಯಿಗಳೂ ಆನುವಂಶಿಕವಾಗಿ ಅಣ್ಣತಂಗಿಯರಷ್ಟೇ ಹತ್ತಿರದವು ಎಂದು ಇದರ ಅರ್ಥ.

‘ಲೈನ್ ಬ್ರೀಡಿಂಗ್’ ಎಂದು ಮಾರುವವರು ಹೆಮ್ಮೆಯಿಂದ ಹೇಳುವುದೂ ಸಂಬಂಧದೊಳಗಿನ ಕೂಡಿಕೆಯೇ, ತುಸು ದೂರದ್ದು. ‘ಚಾಂಪಿಯನ್ ಲೈನ್’ನಲ್ಲಿ ಇನ್ನೊಂದು ತೊಡಕಿದೆ. ಪ್ರದರ್ಶನದಲ್ಲಿ ಗೆದ್ದ ಒಂದು ಗಂಡಿಗೆ ಎಲ್ಲೆಡೆಯಿಂದ ಬೇಡಿಕೆ ಬರುತ್ತದೆ, ಅದು ನೂರಾರು ಮರಿಗಳ ತಂದೆಯಾಗುತ್ತದೆ. ಅದರಲ್ಲೊಂದು ದೋಷ ಅಡಗಿದ್ದರೆ ಎರಡು ಮೂರು ತಲೆಮಾರಿನಲ್ಲಿ ಇಡೀ ತಳಿಗೆ ಹರಡುತ್ತದೆ.

ಡಾಲ್ಮೇಷನ್ ಇದಕ್ಕೆ ಒಳ್ಳೆಯ ಉದಾಹರಣೆ. ಈ ಚುಕ್ಕೆ ನಾಯಿಯ ಶುದ್ಧ ತಳಿಯಲ್ಲಿ ಎಲ್ಲಕ್ಕೂ ಒಂದು ಜೀನ್ ಕೆಟ್ಟಿತ್ತು. ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚಿ, ಮುಖ್ಯವಾಗಿ ಗಂಡುಗಳಲ್ಲಿ, ಕಲ್ಲುಗಟ್ಟುತ್ತಿತ್ತು. ಸರಿಯಾದ ಪ್ರತಿ ತಳಿಯೊಳಗೆ ಎಲ್ಲೂ ಉಳಿದಿರಲಿಲ್ಲ, ತರುವುದಾದರೆ ಹೊರಗಿನಿಂದಲೇ ತರಬೇಕು. 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಒಂದು ಡಾಲ್ಮೇಷನ್ನನ್ನು ಪಾಯಿಂಟರ್ ನಾಯಿಯೊಂದಿಗೆ ಒಮ್ಮೆ ಕೂಡಿಸಿದರು. ಆಮೇಲಿನ ತಲೆಮಾರುಗಳನ್ನೆಲ್ಲ ಮತ್ತೆ ಡಾಲ್ಮೇಷನ್ ಜೊತೆಗೇ ಕೂಡಿಸುತ್ತ ಹೋದರು. ಚುಕ್ಕೆ ಉಳಿಯಿತು, ಕಲ್ಲಿನ ಕಾಟ ಹೋಯಿತು. ಆದರೂ ‘ಶುದ್ಧತೆ’ಯ ವಾದ ಮುಗಿದು ಅಮೆರಿಕನ್ ಕೆನಲ್ ಕ್ಲಬ್ ಈ ನಾಯಿಗಳಿಗೆ ತನ್ನ ಪುಸ್ತಕದಲ್ಲಿ ಜಾಗ ಕೊಟ್ಟದ್ದು 2011ರಲ್ಲಿ.

ತುದಿಗಾಲ ಮೇಲೆ ನಿಂತ ಮೈ

ಮುಧೋಳ ನಾಯಿಯನ್ನು ಪಕ್ಕದಿಂದ ನೋಡಿ. ಹಿಂಗಾಲಿನಲ್ಲಿ ಹಿಂದಕ್ಕೆ ಮಡಚಿದಂತೆ ಕಾಣುವ ಗಂಟನ್ನು ಹಲವರು ಮೊಣಕಾಲು ಎಂದುಕೊಳ್ಳುತ್ತಾರೆ. ಅದು ಹಿಮ್ಮಡಿ, ನಾಯಿ ಸಾಕುವವರು ‘ಹಾಕ್’ ಎನ್ನುವುದು ಇದಕ್ಕೇ. ನಿಜವಾದ ಮೊಣಕಾಲು ಮೇಲೆ, ಹೊಟ್ಟೆಯ ಹತ್ತಿರ ಇದೆ. ನಾಯಿ ಹುಟ್ಟಿನಿಂದ ಸಾಯುವವರೆಗೆ ಬೆರಳುಗಳ ಮೇಲೆಯೇ ನಡೆಯುವ ಪ್ರಾಣಿ. ಮುಂಗಾಲಿನ ಒಳಬದಿಯಲ್ಲಿ ನೆಲಕ್ಕೆ ತಾಗದೆ ಉಳಿದ ಹೆಬ್ಬೆರಳಿಗೆ ‘ಡ್ಯೂ ಕ್ಲಾ’ ಎಂದು ಹೆಸರು. ಎತ್ತರ ಅಳೆಯುವುದು ತಲೆಯವರೆಗಲ್ಲ, ಎರಡು ಹೆಗಲೆಲುಬುಗಳ ನಡುವಿನ ಏರಿನವರೆಗೆ. ಈ ಜಾಗಕ್ಕೆ ‘ವಿದರ್ಸ್’ ಎನ್ನುತ್ತಾರೆ. ಗಂಡು ಮುಧೋಳ ಅಲ್ಲಿಗೆ ಸುಮಾರು 70 ಸೆಂ.ಮೀ. ನಿಲ್ಲುತ್ತದೆ. ಬೆಳೆದ ನಾಯಿಗೆ 42 ಹಲ್ಲು. ಬಾಯಿ ಮುಚ್ಚಿದಾಗ ಮೇಲಿನ ಮುಂಹಲ್ಲು ಕೆಳಗಿನದರ ಮುಂಭಾಗಕ್ಕೆ ಒತ್ತಿ ಕುಳಿತರೆ ಅದು ‘ಸಿಸರ್ ಬೈಟ್’.

ಆಳವಾದ ಎದೆ, ಒಳಕ್ಕೆ ಸೆಳೆದ ಹೊಟ್ಟೆ, ಬಿಲ್ಲಿನಂತೆ ಬಾಗುವ ಬೆನ್ನು ಇವೆಲ್ಲ ಮೊಲದ ಬೆನ್ನಟ್ಟಲು ಒದಗಿಬಂದವು. ಈ ಜಾತಿಯ ಓಟದಲ್ಲಿ ಒಂದು ಸುತ್ತಿಗೆ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ, ಮೈ ಮುದುಡಿದಾಗ ಒಮ್ಮೆ, ಚಾಚಿದಾಗ ಒಮ್ಮೆ. ನಾಗಾಲೋಟದ ಕುದುರೆಗೆ ಒಂದೇ ಸಲ. ಉದ್ದನೆಯ ತಲೆಗೂ ಕಣ್ಣಿಗೂ ನಂಟಿದೆ. ನೋಟವನ್ನು ಮಿದುಳಿಗೆ ಒಯ್ಯುವ ಕೋಶಗಳು ಉದ್ದ ಮೂತಿಯ ನಾಯಿಗಳ ಅಕ್ಷಿಪಟಲದಲ್ಲಿ ಅಡ್ಡ ಪಟ್ಟಿಯಾಗಿ ಹರಡಿರುತ್ತವೆ, ಗಿಡ್ಡ ಮೂತಿಯವುಗಳಲ್ಲಿ ನಡುವೆ ಗುಂಪುಗೂಡಿರುತ್ತವೆ ಎಂದು ಸಿಡ್ನಿಯ ಸಂಶೋಧಕರು 2004ರಲ್ಲಿ ತೋರಿಸಿದರು. ದಿಗಂತದುದ್ದಕ್ಕೂ ಮಿಸುಕುವ ಮೊಲವನ್ನು ಹಿಡಿಯಲು ಅಡ್ಡ ಪಟ್ಟಿ ಅನುಕೂಲ. ಇಂಥ ನಾಯಿಗಳಿಗೆ ‘ಸೈಟ್ ಹೌಂಡ್’ ಎಂಬ ಹೆಸರು ಸುಮ್ಮನೆ ಬಂದಿಲ್ಲ.

ಈಗ ಡಬಲ್ ಬೋನ್ ವಿಚಾರ. ನಾಯಿಯ ಮೈಯಲ್ಲಿ ಸುಮಾರು 320 ಮೂಳೆಗಳು. ಬಾಲದ ಉದ್ದಕ್ಕೆ ತಕ್ಕಂತೆ ಒಂದೆರಡು ಹೆಚ್ಚುಕಡಿಮೆ ಆದೀತೇ ಹೊರತು ಯಾವ ಮರಿಗೂ ಮೂಳೆ ಇಮ್ಮಡಿಯಾಗಿರುವುದಿಲ್ಲ. ದಪ್ಪ ಕಾಲಿನ ದೊಡ್ಡ ತಳಿಯ ಮರಿಯನ್ನು ಇನ್ನಷ್ಟು ದಪ್ಪ ಮಾಡಲು ಕೆಲವರು ಕ್ಯಾಲ್ಸಿಯಂ ಸಿರಪ್ ಕುಡಿಸುತ್ತಾರೆ. ಇದು ಅಪಾಯ. ಮೊದಲ ಕೆಲವು ತಿಂಗಳು ಮರಿಯ ಕರುಳಿಗೆ ಹೆಚ್ಚುವರಿ ಕ್ಯಾಲ್ಸಿಯಂ ಬೇಡವೆನ್ನುವ ಶಕ್ತಿ ಇರುವುದಿಲ್ಲ. ಒಳಸೇರಿದ್ದು ಮೂಳೆಯ ಬೆಳವಣಿಗೆಯನ್ನೇ ಕೆಡಿಸಬಹುದು.

‘ಪಂಚ್ ಫೇಸ್’ ಇನ್ನೂ ಗಂಭೀರ. ಪಗ್, ಬುಲ್‌ಡಾಗ್‌ಗಳ ಮುಖದ ಮೂಳೆ ಗಿಡ್ಡವಾಗಿದೆ, ಆದರೆ ಬಾಯೊಳಗಿನ ಮೆದು ಅಂಗುಳು ಅದೇ ಪ್ರಮಾಣದಲ್ಲಿ ಗಿಡ್ಡವಾಗಿಲ್ಲ. ಅದು ಗಾಳಿಯ ದಾರಿಗೆ ಅಡ್ಡ ಬರುತ್ತದೆ. ಮೂಗಿನ ಹೊಳ್ಳೆಯೂ ಕಿರಿದು. ಈ ತಳಿಗಳ ಗೊರಕೆಯನ್ನು ಮನೆಮಂದಿ ಮುದ್ದು ಎಂದುಕೊಂಡರೂ ಅದು ಉಸಿರಿನ ತೊಂದರೆ. ನಾಯಿಗೆ ಪಾದದಲ್ಲಿ ಬಿಟ್ಟರೆ ನಮ್ಮಂತೆ ಬೆವರುವ ಮೈಯಿಲ್ಲ, ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಆ ದಾರಿಯೇ ಮುಚ್ಚಿದ್ದರೆ ಕಲಬುರಗಿಯ ಬೇಸಿಗೆಯಲ್ಲಿ ಹತ್ತು ಹೆಜ್ಜೆ ಓಡಿದರೂ ಜೀವಕ್ಕೆ ಕುತ್ತು.

ಓಟದ ನಾಯಿಯೂ ಇಂಥ ಆಯ್ಕೆಯಿಂದ ಪಾರಾಗಿಲ್ಲ. ವಿಪ್ಪೆಟ್ ಎಂಬ ತಳಿಯಲ್ಲಿ ಮಯೋಸ್ಟ್ಯಾಟಿನ್ ಜೀನಿನ ಒಂದು ಪ್ರತಿ ಕೆಟ್ಟಿದ್ದರೆ ನಾಯಿ ಹೆಚ್ಚು ವೇಗವಾಗಿ ಓಡುತ್ತದೆ, ಎರಡೂ ಕೆಟ್ಟಿದ್ದರೆ ಮಾಂಸಖಂಡ ಮಿತಿಮೀರಿ ಉಬ್ಬುತ್ತದೆ. 2007ರಲ್ಲಿ ಇದು ಬೆಳಕಿಗೆ ಬಂತು. ಗೆಲ್ಲುವ ನಾಯಿಗಳನ್ನೇ ಕೂಡಿಸುತ್ತ ಹೋದರೆ ಉಬ್ಬಿದ ಮರಿಗಳೂ ಹುಟ್ಟುತ್ತವೆ.

ಕಾರ್ಡು ನೋಡಿ, ತಟ್ಟೆಯನ್ನೂ ನೋಡಿ

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಸಾಕಿದವರು ‘ಹಿಪ್ ಡಿಸ್‌ಪ್ಲೇಸಿಯಾ’ ಎಂಬ ಹೆಸರನ್ನು ಕೇಳಿರುತ್ತಾರೆ. ತೊಡೆಮೂಳೆಯ ಗುಂಡು ಸೊಂಟದ ಗುಳಿಯಲ್ಲಿ ಸರಿಯಾಗಿ ಕೂರದೆ ಸಡಿಲವಾಗಿ, ಕೀಲು ಸವೆಯುವ ರೋಗ ಇದು. ಒಂದೇ ಜೀನಿನ ದೋಷವಲ್ಲ, ಹಲವು ಜೀನುಗಳ ಜೊತೆ ತೂಕವೂ ಕೂಡಿ ತರುವ ತೊಂದರೆ. ತಂದೆತಾಯಿಯ ಸೊಂಟದ ಎಕ್ಸ್‌ರೇ ತೆಗೆಸಿ ದರ್ಜೆ ನೋಡಿಯೇ ಕೂಡಿಸುವುದು ಜವಾಬ್ದಾರಿಯುತ ಬ್ರೀಡರ್ ಮಾಡುವ ಕೆಲಸ. ಸಾಕುವವರ ಕೈಯಲ್ಲಿ ಉಳಿಯುವುದು ತಟ್ಟೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇ 25ರಷ್ಟು ಕಡಿಮೆ ಆಹಾರ ಕೊಟ್ಟು ಜೀವಮಾನವಿಡೀ ಗಮನಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಅವುಗಳ ಸಂಧಿವಾತವೂ ತಡವಾಗಿ ಬಂತು.

‘ವ್ಯಾಕ್ಸಿನ್ ಆಗಿದೆ’ ಎಂದರೆ ಎಷ್ಟು ಡೋಸ್ ಎಂದು ಕೇಳಬೇಕು. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವಷ್ಟು ದಿನ ಅದು ಲಸಿಕೆಯನ್ನೂ ತಟಸ್ಥಗೊಳಿಸುತ್ತದೆ. ಈ ರಕ್ಷಣೆ ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆಂದು ಹೊರಗಿನಿಂದ ಗೊತ್ತಾಗದು. ಅದಕ್ಕೇ ಪಾರ್ವೊ, ಡಿಸ್ಟೆಂಪರ್ ಲಸಿಕೆಯನ್ನು 6–8 ವಾರಕ್ಕೆ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ ಮರಿಗೆ 16 ವಾರ ತುಂಬುವವರೆಗೆ ಕೊಡುತ್ತಾರೆ. ರೇಬೀಸ್ ಲಸಿಕೆ ಬೇರೆಯೇ, ಮೂರು ತಿಂಗಳ ಹೊತ್ತಿಗೆ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಚಿಕಿತ್ಸೆಯಿಲ್ಲ. ಕಚ್ಚಿದ ಜಾಗವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮುಧೋಳ ಸಾಕುವವರಿಗೆ ಒಂದು ಮಾತು. ಗ್ರೇಹೌಂಡ್‌ಗಳ ಮೈಯಲ್ಲಿ ಕೊಬ್ಬು ಕಡಿಮೆ, ಕೆಲವು ಅರಿವಳಿಕೆ ಮದ್ದುಗಳನ್ನು ಅವುಗಳ ಯಕೃತ್ತು ನಿಧಾನವಾಗಿ ಒಡೆಯುತ್ತದೆ. ಹಾಗಾಗಿ ಅವು ಎಚ್ಚರಾಗುವುದು ತಡ. ಇದೇ ಮೈಕಟ್ಟಿನ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸುವಾಗ ‘ಇದು ಸೈಟ್ ಹೌಂಡ್’ ಎಂದು ವೈದ್ಯರಿಗೆ ಮೊದಲೇ ಹೇಳುವುದು ಕ್ಷೇಮ.

ಗುಣ ಬಂದದ್ದೆಲ್ಲಿಂದ?

‘ಈ ಬ್ರೀಡ್ ಬಹಳ ಅಗ್ರೆಸಿವ್’, ‘ಇದು ತುಂಬಾ ಪಾಪದ್ದು’ ಎಂಬ ಭರವಸೆಗಳನ್ನು ಅರ್ಧದಷ್ಟೂ ನಂಬುವಂತಿಲ್ಲ. 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಆಧರಿಸಿ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ನಾಯಿ ನಾಯಿಗಳ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿ ವಿವರಿಸಬಲ್ಲದ್ದು ಸುಮಾರು ಶೇ 9 ಮಾತ್ರ. ಉಳಿದದ್ದರಲ್ಲಿ ಬೆಳೆಸಿದ ರೀತಿಗೂ ಪಾಲಿದೆ. ಹುಟ್ಟಿದ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗಿನ ಕಾಲಕ್ಕೆ ‘ಸೋಷಿಯಲೈಸೇಷನ್’ ಅವಧಿ ಎನ್ನುತ್ತಾರೆ. ಮಕ್ಕಳು, ಮುದುಕರು, ಕುಕ್ಕರ್ ಸೀಟಿ, ಆಟೊ ಸದ್ದು, ದೀಪಾವಳಿಯ ಪಟಾಕಿ ಇವೆಲ್ಲ ಹೆದರಿಕೆಯ ವಸ್ತುಗಳಲ್ಲವೆಂದು ಮರಿ ಆಗ ಕಲಿಯಬೇಕು. ಪಂಜರದಲ್ಲೇ ಈ ವಾರಗಳನ್ನು ಕಳೆದ ಮರಿ ಮುಂದೆ ಅಂಜುಬುರುಕವಾಗುತ್ತದೆ, ಅಂಜಿದ ನಾಯಿ ಕಚ್ಚುತ್ತದೆ.

ತರಬೇತಿಯಲ್ಲಿ ‘ನಾನೇ ಯಜಮಾನ ಎಂದು ತೋರಿಸಬೇಕು, ಮರಿಯನ್ನು ಮಗುಚಿ ಒತ್ತಿ ಹಿಡಿಯಬೇಕು’ ಎನ್ನುವವರು ಇನ್ನೂ ಇದ್ದಾರೆ. ಈ ‘ಆಲ್ಫಾ’ ಕಲ್ಪನೆಯ ಮೂಲ 1947ರಲ್ಲಿ ರುಡಾಲ್ಫ್ ಶೆಂಕೆಲ್ ಪ್ರಕಟಿಸಿದ, ಬಂಧನದಲ್ಲಿದ್ದ ತೋಳಗಳ ಅಧ್ಯಯನ. ಕಾಡಿನ ತೋಳದ ಗುಂಪು ಬಹುಮಟ್ಟಿಗೆ ಅಪ್ಪ, ಅಮ್ಮ, ಮಕ್ಕಳ ಸಂಸಾರ ಎಂದು ತೋಳತಜ್ಞ ಡೇವಿಡ್ ಮೆಕ್ 1999ರಲ್ಲಿ ಬರೆದು, ಆ ಪದವನ್ನು ಕೈಬಿಡಲು ಹೇಳಿದರು. ‘ಪಾಸಿಟಿವ್ ರಿಇನ್‌ಫೋರ್ಸ್‌ಮೆಂಟ್’ ಎಂಬ ಉದ್ದದ ಹೆಸರಿನ ವಿಧಾನ ಬಹಳ ಸರಳ: ಬೇಕಾದ ಕೆಲಸ ಮಾಡಿದ ತಕ್ಷಣ ತಿನಿಸೋ ಮೆಚ್ಚುಗೆಯೋ ಸಿಗಬೇಕು. ‘ತಕ್ಷಣ’ ಎಂಬುದೇ ಇಲ್ಲಿ ಮುಖ್ಯ. ಬೆಳಿಗ್ಗೆ ಚಪ್ಪಲಿ ಕಡಿದದ್ದಕ್ಕೆ ಸಂಜೆ ಹೊಡೆದರೆ ನಾಯಿ ಕಲಿಯುವುದು ಒಂದೇ, ಮನೆಗೆ ಬಂದವರನ್ನು ಕಂಡರೆ ಹೆದರಬೇಕು ಎಂಬುದು.

ಕೇಳಬೇಕಾದ ಪ್ರಶ್ನೆ

ನಾಯಿ ಸಾಕಣೆ ಮತ್ತು ಮಾರಾಟಕ್ಕೆ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ತಂದಿದೆ. ಬ್ರೀಡರ್ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿಯ ತಾಯಿಯನ್ನು ತೋರಿಸಿ ಎನ್ನಿ. ಅದರ ಮೈ, ನಡಿಗೆ, ಅಪರಿಚಿತರನ್ನು ಕಂಡಾಗಿನ ವರ್ತನೆ ಪೇಪರ್‌ಗಿಂತ ಹೆಚ್ಚು ಹೇಳುತ್ತವೆ. ಅದು ಈವರೆಗೆ ಎಷ್ಟು ಸೂಲು ಮರಿ ಹಾಕಿದೆ, ತಂದೆಗೂ ಅದಕ್ಕೂ ಸಂಬಂಧವೇನು, ಎಕ್ಸ್‌ರೇ ಇದೆಯೇ, ಲಸಿಕೆಯ ಕಾರ್ಡಿನಲ್ಲಿ ವೈದ್ಯರ ಸಹಿ ಇದೆಯೇ ಎಂದು ಕೇಳಿ. ತಾಯಿಯನ್ನು ತೋರಿಸಲು ಒಪ್ಪದವರ ಬಳಿ ಕೊಳ್ಳಬೇಡಿ.

ಬೀದಿಯ ಕಂತ್ರಿ ನಾಯಿಗೆ ರೋಗವೇ ಬಾರದೆಂದಲ್ಲ. ಆದರೆ ಅದರ ವಂಶದ ಬಾಗಿಲು ತೆರೆದಿದೆ, ಅಡಗಿದ ದೋಷಗಳು ಜೋಡಿಯಾಗುವ ಸಂದರ್ಭ ಕಡಿಮೆ. ಮುಧೋಳಕ್ಕೆ ಈಗ ಹೆಸರು ಬಂದಿದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. ಹೆಸರಿನೊಂದಿಗೆ ಬೇಡಿಕೆಯೂ ಬರುತ್ತದೆ. ನಾಲ್ಕೈದು ಹೆಸರುವಾಸಿ ಗಂಡುಗಳಿಂದಲೇ ಎಲ್ಲ ಮರಿಗಳನ್ನೂ ಪಡೆಯುವ ಆಮಿಷವೂ ಬರುತ್ತದೆ. ಮುಧೋಳದ ಬಳಿ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರದಂಥ ಸಂಸ್ಥೆಗಳಿಗೂ, ಊರೂರಿನಲ್ಲಿ ಈ ನಾಯಿ ಸಾಕುವ ಕುಟುಂಬಗಳಿಗೂ ಇದೇ ಪರೀಕ್ಷೆ. ಬೇರೆ ಬೇರೆ ಊರುಗಳ, ದೂರದ ಸಂಬಂಧದ, ಓಡಬಲ್ಲ ನಾಯಿಗಳನ್ನೆಲ್ಲ ಬಳಸಿಕೊಂಡರೆ ಮಾತ್ರ ಡಾಲ್ಮೇಷನ್‌ಗೆ ಬಂದ ಗತಿ ನಮ್ಮ ನಾಯಿಗೆ ತಪ್ಪೀತು.