ಗೆಲಿಲಿಯೊ ಗೆಲಿಲಿ, ನಿಂಗಪ್ಪ ನಿಂಗಪ್ಪ

ಇಂಟರ್ನ್‌ಶಿಪ್‌ಗೆ ಅರ್ಜಿ ತುಂಬುತ್ತಿದ್ದೆ. 'ಸರ್‌ನೇಮ್' ಕಾಲಂ ಖಾಲಿ ಬಿಟ್ಟರೆ ಫಾರಂ ಮುಂದಕ್ಕೇ ಹೋಗದು. ನನ್ನ ಹೆಸರು ನಿಂಗಪ್ಪ, ಅದರ ಮುಂದೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್. ಅಷ್ಟೇ. ಅದು ಮುತ್ತಜ್ಜನ ಹೆಸರು. ಆದಿತ್ಯ, ರೋಹನ್‌ಗಳ ನಡುವೆ ಹಾಜರಿ ಕೂಗಿದಾಗ ಕಿಸಕ್ಕನೆ ನಗುವವರು ಈಗಲೂ ಇದ್ದಾರೆ. ಅಫಿಡವಿಟ್ ಮಾಡಿಸಿ 'ನಿಖಿಲ್' ಆಗಿಬಿಡೋಣವೆಂದು ನೋಟರಿ ಬಳಿ ಖರ್ಚನ್ನೂ ವಿಚಾರಿಸಿದ್ದೆ.

ಅದೇ ವಾರ ಭೂಕಂಪದ ಪಾಠ ಓದುವಾಗ 'ಗ್ಯಾಲ್' ಎಂಬ ಮಾನ ಎದುರಾಯಿತು. ವೇಗೋತ್ಕರ್ಷದ ಮಾನವದು. ಭೂಮಿಯ ಗುರುತ್ವ ಸುಮಾರು 981 ಗ್ಯಾಲ್. ಗೆಲಿಲಿಯೊ ನೆನಪಿಗೆ ಇಟ್ಟದ್ದು. ನ್ಯೂಟನ್, ವೋಲ್ಟ್, ವಾಟ್, ಪ್ಯಾಸ್ಕಲ್ ಎಲ್ಲ ಮನೆತನದ ಹೆಸರುಗಳು. (ಹೆನ್ರಿ? ಜೋಸೆಫ್ ಹೆನ್ರಿಗೆ ಅದೇ ಸರ್‌ನೇಮ್!) ನ್ಯೂಟನ್‌ನನ್ನು ಯಾರೂ ಬರೀ ಐಸಾಕ್ ಎನ್ನುವುದಿಲ್ಲ. ಗೆಲಿಲಿಯೊನನ್ನು ಮಾತ್ರ ಜಗತ್ತೆಲ್ಲ ಮನೆಯವರಂತೆ ಮೊದಲ ಹೆಸರಿನಿಂದಲೇ ಕರೆಯುತ್ತದೆ. ಯಾಕಿರಬಹುದು ಎಂದು ಹುಡುಕುತ್ತಾ ಹೋದೆ.

ಇಟಲಿಯಲ್ಲೂ ಇದು ಅಪರೂಪದ ಹೆಸರು. ಮೂಲ ಲ್ಯಾಟಿನ್, ಅರ್ಥ 'ಗಲಿಲಾಯದವನು'. ಯೇಸು ಬೆಳೆದ ನಜರೇತ್ ಇರುವ ಸೀಮೆಯನ್ನು ಕನ್ನಡ ಬೈಬಲ್ ಗಲಿಲಾಯ ಎನ್ನುತ್ತದೆ. ಹೀಬ್ರೂವಿನಲ್ಲಿ 'ಗಲೀಲ್' ಎಂದರೆ ಸುತ್ತು, ಪ್ರಾಂತ್ಯ. ನಮ್ಮಲ್ಲಿ ಮಕ್ಕಳಿಗೆ ತಿರುಪತಿ, ಕಾಶಪ್ಪ ಎಂದು ಇಡುತ್ತಾರಲ್ಲ, ಹಾಗೆ.

ವಿಜ್ಞಾನಿಯ ಪೂರ್ವಜರ ಮನೆತನ ಮಾತ್ರ ಗೆಲಿಲಿ ಅಲ್ಲ, ಬೊನಾಯುತಿ. ಆ ಮನೆಯಲ್ಲಿ ಗೆಲಿಲಿಯೊ ಬೊನಾಯುತಿ ಎಂಬ ವೈದ್ಯ ಇದ್ದ. 15ನೇ ಶತಮಾನದ ಫ್ಲಾರೆನ್ಸ್‌ನಲ್ಲಿ ಪಾಠ ಹೇಳುತ್ತಿದ್ದ, ನಗರದ ಆಡಳಿತದಲ್ಲೂ ಕೈಯಾಡಿಸಿದ್ದ. ಅವನ ಹೆಸರು ಎಷ್ಟು ದೊಡ್ಡದಾಯಿತೆಂದರೆ, ಮನೆಯವರು ಹಳೆಯದನ್ನು ಬಿಟ್ಟು 'ಗೆಲಿಲಿ' ಆದರು. ಗೆಲಿಲಿಯೊ ಮನೆಯವರು ಎಂದಂತೆ. 1564ರಲ್ಲಿ ಪೀಸಾದಲ್ಲಿ ಸಂಗೀತಗಾರ ವಿನ್ಚೆಂಜೊ ಗೆಲಿಲಿಗೆ ಹಿರಿಯ ಮಗ ಹುಟ್ಟಿದ. ಮನೆತನದ ಹೆಸರನ್ನೇ ಹಿರಿಯ ಮಗನಿಗೆ ಇಡುವ ರೂಢಿ ಟಸ್ಕನಿಯಲ್ಲಿತ್ತು. ಹಾಗಾಗಿ ಗೆಲಿಲಿಯೊ ಗೆಲಿಲಿ! ಹೆಸರೂ ಪೂರ್ವಜನದು, ಸರ್‌ನೇಮೂ ಅವನದೇ. ಮುಂದೆ ಇವನು ತನ್ನ ಮಗನಿಗೆ ಇಟ್ಟದ್ದು ಮತ್ತೆ ಅಪ್ಪನ ಹೆಸರು, ವಿನ್ಚೆಂಜೊ.

ವೈದ್ಯನ ಸಮಾಧಿ ಫ್ಲಾರೆನ್ಸ್‌ನ ಸಾಂತಾ ಕ್ರೋಚೆ ಚರ್ಚಿನಲ್ಲಿದೆ. ಭೂಮಿ ಸುತ್ತುತ್ತದೆ ಎಂದದ್ದಕ್ಕೆ ಶಿಕ್ಷೆಗೊಳಗಾಗಿ 1642ರಲ್ಲಿ ತೀರಿಕೊಂಡ ವಿಜ್ಞಾನಿಗೆ ಅಲ್ಲಿ ಮೊದಲು ಸಿಕ್ಕಿದ್ದು ಒಂದು ಪುಟ್ಟ ಕೋಣೆ. 1737ರಲ್ಲಷ್ಟೇ ಚರ್ಚಿನ ಮುಖ್ಯ ಭಾಗದಲ್ಲಿ ಜಾಗ ದಕ್ಕಿತು.

ರಾತ್ರಿ ಊರಿಗೆ ಫೋನ್ ಮಾಡಿದೆ. ಮಾವನ ಹೆಸರೆಂದು ಅಜ್ಜಿ ಇಂದಿಗೂ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ.

"ಅಜ್ಜೀ, ಮುತ್ತಜ್ಜ ಏನ್ ಕೆಲಸ ಮಾಡ್ತಿದ್ದ?"

"ಬಾವಿಗೆ ಕಲ್ಲು ಕಟ್ಟೋರು ತಮ್ಮಾ. ಅವ್ರು ಕಟ್ಟಿದ್ ಬಾವಿ ಕುಸಿಯಾದಿಲ್ಲ ಅಂತಿದ್ರು ಊರಾಗೆ."

ನಾನು ಓದುತ್ತಿರುವುದು ಸಿವಿಲ್. ಇಪ್ಪತ್ತು ವರ್ಷವಾದರೂ ಈ ವಿಷಯ ನಾನು ಕೇಳಿರಲೇ ಇಲ್ಲ.

ಅರ್ಜಿಯ ಕೊನೆಯ ದಿನ ಎರಡೂ ಕಾಲಂಗಳಲ್ಲಿ ಒಂದೇ ಹೆಸರು ಟೈಪ್ ಮಾಡಿದೆ. ಫಾರಂ ಒಪ್ಪಿಕೊಂಡಿತು. ಮರುದಿನ ಉತ್ತರ ಬಂತು: 'ಶ್ರೀ ನಿಂಗಪ್ಪ ನಿಂಗಪ್ಪ ಅವರೇ, ನಿಮ್ಮ ಅರ್ಜಿ ತಲುಪಿದೆ.'